ರೆಸಿಡೆನ್ಸಿ ಮಾಡಲೇಬೇಕಾ? ಆಸ್ಪತ್ರೆ ಫಾರ್ಮಸಿ ಕಲಿಸಿದ ಒಂಬತ್ತು ಪಾಠಗಳು

ಅಮೆರಿಕದಲ್ಲಿ ಫಾರ್ಮ್‌ಡಿ ಓದುತ್ತಿರುವ ಕನ್ನಡದ ಮಕ್ಕಳು ನನಗೆ ಫೋನ್ ಮಾಡುತ್ತಾರೆ. ಮೈಸೂರು, ಬೆಳಗಾವಿ, ಮಣಿಪಾಲಗಳಲ್ಲಿ ಫಾರ್ಮ್‌ಡಿ ಮುಗಿಸಿ ಇತ್ತ ಬರಬೇಕೆಂದಿರುವವರೂ ಮಾಡುತ್ತಾರೆ. ಸುತ್ತಿ ಬಳಸಿ ಎಲ್ಲರೂ ಕೇಳುವುದು ಒಂದೇ: "ಅಕ್ಕಾ, ಆಸ್ಪತ್ರೆಯಲ್ಲಿ ಕೆಲಸ ಬೇಕು ಅಂದ್ರೆ ರೆಸಿಡೆನ್ಸಿ ಮಾಡಲೇಬೇಕಾ?"

ನಾನು ಮಿಡ್‌ವೆಸ್ಟ್ ಭಾಗದ ಒಂದು ಬೋಧನಾ ಆಸ್ಪತ್ರೆಯಲ್ಲಿ ಐಸಿಯು ಫಾರ್ಮಸಿಸ್ಟ್. ಪದವಿಯಾದ ಮೇಲೆ ಎರಡು ವರ್ಷ ರೆಸಿಡೆನ್ಸಿ ಮಾಡಿದವಳು. ಈಗ ಪ್ರತಿ ಜುಲೈಯಲ್ಲಿ ಬರುವ ಹೊಸ ರೆಸಿಡೆಂಟರಿಗೆ ಕೆಲಸ ಕಲಿಸುವ ಪ್ರಿಸೆಪ್ಟರ್‌ಗಳಲ್ಲಿ ಒಬ್ಬಳು. ಹಾಗಂತ ಎಲ್ಲರಿಗೂ "ಮಾಡಿ" ಎಂದು ಹೇಳುವವಳಲ್ಲ. ಕೆಲವರಿಗೆ ಆ ವರ್ಷ ಅತ್ಯಗತ್ಯ, ಕೆಲವರಿಗೆ ದಂಡ. ನಿಮ್ಮದು ಯಾವ ಗುಂಪು ಎಂದು ತಿಳಿಯಲು ಈ ಪಾಠಗಳು ನೆರವಾದಾವು.

1. ಮೊದಲು ಕೆಲಸ ಆರಿಸಿ, ಆಮೇಲೆ ರೆಸಿಡೆನ್ಸಿಯ ಮಾತು

"ಆಸ್ಪತ್ರೆ ಫಾರ್ಮಸಿಸ್ಟ್" ಅಂದರೆ ಒಂದೇ ಕೆಲಸ ಎಂದುಕೊಂಡು ಮಾತಾಡುವವರೇ ಹೆಚ್ಚು. ನಮ್ಮಲ್ಲಿ ಅದು ಕನಿಷ್ಠ ನಾಲ್ಕು ಬೇರೆ ಬೇರೆ ಕೆಲಸ.

ಮೊದಲನೆಯದು ಕೇಂದ್ರ ಫಾರ್ಮಸಿ. ವೈದ್ಯರು ಕಂಪ್ಯೂಟರಿನಲ್ಲಿ ಬರೆದ ಪ್ರತಿ ಔಷಧಿಯ ಆರ್ಡರನ್ನೂ ಇಲ್ಲಿ ಒಬ್ಬ ಫಾರ್ಮಸಿಸ್ಟ್ ನೋಡಿ ಒಪ್ಪಬೇಕು. ಡೋಸ್ ಸರಿಯೇ, ಮೂತ್ರಪಿಂಡ ತಡೆದೀತೇ, ಇನ್ನೊಂದು ಔಷಧಿಯೊಡನೆ ಜಗಳವಾಡೀತೇ ಎಂದು ಪರಿಶೀಲಿಸಿ, ಐವಿ ಕೋಣೆಯಲ್ಲಿ ತಯಾರಾದ ಚೀಲಗಳಿಗೆ ಸಹಿ ಹಾಕಬೇಕು. ಎರಡನೆಯದು ವಾರ್ಡಿನ ಕೆಲಸ. ಇಲ್ಲಿ ಫಾರ್ಮಸಿಸ್ಟ್ ವೈದ್ಯರ ತಂಡದ ಜೊತೆ ರೌಂಡ್ಸ್‌ಗೆ ಹೋಗುತ್ತಾರೆ, ಆರ್ಡರ್ ಬರೆಯುವ ಮುಂಚೆಯೇ ಸಲಹೆ ಕೊಡುತ್ತಾರೆ. ಮೂರನೆಯದು ಹೊರರೋಗಿಗಳ ಕ್ಲಿನಿಕ್: ವಾರ್ಫರಿನ್, ಸಕ್ಕರೆ ಕಾಯಿಲೆ, ಹೃದಯ ವೈಫಲ್ಯದ ರೋಗಿಗಳ ಡೋಸ್ ಏರಿಳಿಸುವುದು. ನಾಲ್ಕನೆಯದು ಕಂಪ್ಯೂಟರ್ ವ್ಯವಸ್ಥೆ, ಖರೀದಿ, ಆಡಳಿತ.

ಎರಡನೆಯ ಮತ್ತು ಮೂರನೆಯ ಕೆಲಸಕ್ಕೆ ದೊಡ್ಡ ಊರುಗಳಲ್ಲಿ ರೆಸಿಡೆನ್ಸಿ ಇಲ್ಲದೆ ಬಾಗಿಲು ತೆರೆಯುವುದು ಬಲು ಕಷ್ಟ. ಮೊದಲನೆಯದಕ್ಕೆ ಅನೇಕ ಕಡೆ ಇನ್ನೂ ಬೇಕಿಲ್ಲ. ಹಾಗಾಗಿ ಫೋನ್ ಮಾಡಿದವರಿಗೆ ನಾನು ಮೊದಲು ಕೇಳುವ ಮರುಪ್ರಶ್ನೆ: ಬೆಳಗ್ಗೆ ಎದ್ದು ಯಾರ ಪಕ್ಕ ನಿಂತು ಕೆಲಸ ಮಾಡಬೇಕು ಅಂತಿದ್ದೀರಿ? ಉತ್ತರ ಗೊತ್ತಿಲ್ಲದಿದ್ದರೆ ರೆಸಿಡೆನ್ಸಿಯ ಅರ್ಜಿ ಪಕ್ಕಕ್ಕಿಡಿ. ಕೊನೆಯ ವರ್ಷದ ಪೋಸ್ಟಿಂಗ್‌ಗಳಲ್ಲಿ ಒಂದು ತಿಂಗಳಾದರೂ ಐಸಿಯುನಲ್ಲಿ, ಒಂದು ತಿಂಗಳಾದರೂ ಕೇಂದ್ರ ಫಾರ್ಮಸಿಯಲ್ಲಿ ಕಳೆದು ನೋಡಿ.

2. ಕಾನೂನು ಕೇಳುವುದಿಲ್ಲ, ಕೆಲಸ ಕೊಡುವವರು ಕೇಳುತ್ತಾರೆ

ಅಮೆರಿಕದ ಯಾವ ರಾಜ್ಯದಲ್ಲೂ ಫಾರ್ಮಸಿಸ್ಟ್ ಲೈಸೆನ್ಸಿಗೆ ರೆಸಿಡೆನ್ಸಿ ಕಡ್ಡಾಯವಲ್ಲ. ಫಾರ್ಮ್‌ಡಿ ಪದವಿ, ನಿಗದಿತ ಇಂಟರ್ನ್ ಗಂಟೆಗಳು, ನ್ಯಾಪ್ಲೆಕ್ಸ್ ಪರೀಕ್ಷೆ ಮತ್ತು ಆಯಾ ರಾಜ್ಯ ಬಯಸುವ ಕಾನೂನು ಪರೀಕ್ಷೆ ಆದರೆ ಸಾಕು. ವೈದ್ಯರ ರೆಸಿಡೆನ್ಸಿಗೂ ನಮ್ಮದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಎಂ.ಡಿ. ಓದಿದವರು ರೆಸಿಡೆನ್ಸಿ ಇಲ್ಲದೆ ಸ್ವತಂತ್ರವಾಗಿ ವೃತ್ತಿ ನಡೆಸಲಾರರು. ಫಾರ್ಮಸಿಸ್ಟ್ ಪದವಿಯ ಮರುತಿಂಗಳೇ ಪೂರ್ಣ ಸಂಬಳಕ್ಕೆ ಸೇರಬಹುದು.

ಆದರೂ ಈ ತರಬೇತಿಯ ಬೇರು ಹಳೆಯದು. ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹಾರ್ವೆ ವಿಟ್ನಿ 1927ರಲ್ಲಿ ಆಸ್ಪತ್ರೆ ಫಾರ್ಮಸಿ ಇಂಟರ್ನ್‌ಶಿಪ್ ಆರಂಭಿಸಿದರು. ಆಸ್ಪತ್ರೆ ಫಾರ್ಮಸಿಸ್ಟರ ಸಂಘ ಎಎಸ್‌ಎಚ್‌ಪಿ 1942ರಲ್ಲಿ ಹುಟ್ಟಿತು, 1960ರ ದಶಕದಲ್ಲಿ ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡತೊಡಗಿತು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆ ತನ್ನ ಒಂಬತ್ತನೆಯ ಮಹಡಿಯ ವಾರ್ಡಿನಲ್ಲೇ ಫಾರ್ಮಸಿಯೊಂದನ್ನು ತೆರೆದಾಗ ಫಾರ್ಮಸಿಸ್ಟ್ ನೆಲಮಾಳಿಗೆ ಬಿಟ್ಟು ರೋಗಿಯ ಹತ್ತಿರ ಬಂದರು. ರೋಗಿಗಳ ನೇರ ಆರೈಕೆಯಲ್ಲಿರುವ ಫಾರ್ಮಸಿಸ್ಟರೆಲ್ಲ ಒಂದು ವರ್ಷದ ರೆಸಿಡೆನ್ಸಿ ಮಾಡಿರಬೇಕು, 2020ರೊಳಗೆ ಅದು ನಿಯಮವಾಗಬೇಕು ಎಂದು ವೃತ್ತಿ ಸಂಘಗಳು ಆಶಿಸಿದ್ದವು. 2020 ಬಂತು, ಹೋಯಿತು. ನಿಯಮ ಬರಲಿಲ್ಲ.

ಬಂದದ್ದು ಮಾರುಕಟ್ಟೆಯ ಪದ್ಧತಿ. ಕೆಲಸದ ಜಾಹೀರಾತುಗಳಲ್ಲಿ "ಪಿಜಿವೈ1 ಅಥವಾ ಮೂರು ವರ್ಷದ ಆಸ್ಪತ್ರೆ ಅನುಭವ" ಎಂಬ ಸಾಲು ಮಾಮೂಲಿ. ಪಿಜಿವೈ1 ಅಂದರೆ ಪದವಿಯ ನಂತರದ ಮೊದಲ ವರ್ಷದ ತರಬೇತಿ, ಪಿಜಿವೈ2 ಅಂದರೆ ಎರಡನೆಯದು. ಹೊಸ ಪದವೀಧರನ ಹತ್ತಿರ ಮೂರು ವರ್ಷದ ಅನುಭವ ಇರಲು ಸಾಧ್ಯವಿಲ್ಲವಾದ್ದರಿಂದ ದೊಡ್ಡ ಆಸ್ಪತ್ರೆಗೆ ನೇರ ದಾರಿ ರೆಸಿಡೆನ್ಸಿ ಒಂದೇ ಆಗಿಬಿಡುತ್ತದೆ. ಆ "ಅಥವಾ" ಮಾತ್ರ ಮರೆಯಬೇಡಿ. ಎಂಟನೆಯ ಪಾಠ ಅದರದ್ದೇ.

3. ಆ ವರ್ಷ ಕಲಿಸುವುದು ಪುಸ್ತಕವನ್ನಲ್ಲ, ಗಡಿಬಿಡಿಯಲ್ಲಿ ತಪ್ಪದ ಕೈಯನ್ನು

ಪಾರ್ಶ್ವವಾಯುವಿನ ತುರ್ತು ಕರೆ ಬಂದಾಗ ರೆಸಿಡೆಂಟ್ ನನ್ನ ಜೊತೆ ತುರ್ತು ವಿಭಾಗಕ್ಕೆ ಓಡುತ್ತಾಳೆ. ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗಿದ್ದರೆ ರಕ್ತ ಹೆಪ್ಪು ಕರಗಿಸುವ ಔಷಧಿ ಕೊಡಬಹುದು. ಸ್ಕ್ಯಾನ್ ಆಗುತ್ತಿರುವಾಗಲೇ ಅವಳು ಮೂರು ವಿಷಯ ಹಿಡಿಯಬೇಕು. ರೋಗಿ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಾರೆಯೇ, ಕೊನೆಯ ಮಾತ್ರೆ ಯಾವಾಗ ತಿಂದರು? ರಕ್ತದೊತ್ತಡ 185/110ಕ್ಕಿಂತ ಕೆಳಗಿದೆಯೇ, ಇಲ್ಲದಿದ್ದರೆ ಇಳಿಸಲು ಲ್ಯಾಬೆಟಲಾಲ್ ಕೈಯಲ್ಲಿದೆಯೇ? ಮತ್ತು ತೂಕ, ಅದೂ ಮನೆಯವರು ಅಂದಾಜಿನಲ್ಲಿ ಹೇಳಿದ್ದಲ್ಲ, ಮಂಚದ ತಕ್ಕಡಿ ತೋರಿಸಿದ್ದು.

ಆಲ್ಟೆಪ್ಲೇಸ್ ಆದರೆ ಕಿಲೋಗೆ 0.9 ಮಿಲಿಗ್ರಾಂ, ಗರಿಷ್ಠ 90. ರೋಗಿ 80 ಕಿಲೋ ಇದ್ದರೆ 72 ಮಿಲಿಗ್ರಾಂ. ಅದರಲ್ಲಿ ಹತ್ತನೇ ಒಂದು ಭಾಗ, 7.2, ಒಂದು ನಿಮಿಷದಲ್ಲಿ. ಉಳಿದ 64.8 ಒಂದು ಗಂಟೆಯಲ್ಲಿ. ಸೀಸೆಯಲ್ಲಿ ಇರುವುದು 100 ಮಿಲಿಗ್ರಾಂ. ಬೇಡದ 28 ಮಿಲಿಗ್ರಾಂ ಅನ್ನು ಪಂಪಿಗೆ ಜೋಡಿಸುವ ಮೊದಲೇ ಸಿರಿಂಜಿನಿಂದ ಎಳೆದು ಚೆಲ್ಲಬೇಕು. ಬಿಟ್ಟರೆ ಪಂಪು ತನ್ನ ಪಾಡಿಗೆ ತಾನು ಅದನ್ನೂ ರೋಗಿಗೆ ಹರಿಸಿಬಿಟ್ಟೀತು. ಪುಡಿಗೆ ನೀರು ಬೆರೆಸುವಾಗ ಕುಲುಕಬಾರದು, ನೊರೆ ಬರುತ್ತದೆ. ಮೆಲ್ಲಗೆ ತಿರುಗಿಸಬೇಕು.

ಈಗ ಅನೇಕ ಆಸ್ಪತ್ರೆಗಳು ಟೆನೆಕ್ಟೆಪ್ಲೇಸ್‌ಗೆ ಬದಲಾಗಿವೆ. ಅದು ಒಂದೇ ಚುಚ್ಚು, ಕಿಲೋಗೆ 0.25 ಮಿಲಿಗ್ರಾಂ, ಗರಿಷ್ಠ 25. ಸುಲಭ ಅನಿಸುತ್ತದೆ. ಆದರೆ ಅದೇ ಔಷಧಿಯನ್ನು ಹೃದಯಾಘಾತಕ್ಕೆ ಕೊಡುವಾಗ ಡೋಸ್ 30ರಿಂದ 50 ಮಿಲಿಗ್ರಾಂ. ಯಾರೋ ಅವಸರದಲ್ಲಿ ಹೃದಯದ ಡೋಸನ್ನು ಮೆದುಳಿಗೆ ಕೊಟ್ಟರೆ ಮೆದುಳಿನೊಳಗೆ ರಕ್ತಸ್ರಾವವಾದೀತು.

ಈ ಅಂಕಿಗಳನ್ನು ಯಾವ ವಿದ್ಯಾರ್ಥಿಯೂ ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಬಹುದು. ಮೂರು ಜನ ಒಟ್ಟಿಗೆ ಕೂಗುತ್ತಿರುವಾಗ, ರೋಗಿಯ ಹೆಂಡತಿ ಬಾಗಿಲಲ್ಲಿ ಅಳುತ್ತಿರುವಾಗ, ಅದೇ ಲೆಕ್ಕವನ್ನು ಜೋರಾಗಿ ಹೇಳಿ, ನರ್ಸ್ ಹತ್ತಿರ ಮರಳಿ ಹೇಳಿಸಿ, ಕೈ ನಡುಗದೆ ಸಿರಿಂಜು ತುಂಬುವುದು ಬೇರೆಯೇ ವಿದ್ಯೆ. ಜುಲೈಯಲ್ಲಿ ರೆಸಿಡೆಂಟ್ ಪಕ್ಕದಲ್ಲಿ ನಿಂತು ನೋಡುತ್ತಾಳೆ. ಅಕ್ಟೋಬರ್ ಹೊತ್ತಿಗೆ ಲೆಕ್ಕ ಅವಳದು, ತಪಾಸಣೆ ನನ್ನದು. ಮಾರ್ಚ್ ಹೊತ್ತಿಗೆ ನಾನು ಬಾಗಿಲ ಹತ್ತಿರ ಕೈಕಟ್ಟಿ ನಿಂತಿರುತ್ತೇನೆ. ಪೂರ್ಣ ಸಂಬಳದ ಕೆಲಸಕ್ಕೆ ಸೇರಿದ ಹೊಸಬರಿಗೆ ಹೀಗೆ ಹಂತಹಂತವಾಗಿ ಕೈಬಿಡುವ ವ್ಯವಧಾನ ಯಾವ ಆಸ್ಪತ್ರೆಗೂ ಇಲ್ಲ. ಕೆಲವು ವಾರಗಳ ಪರಿಚಯದ ತರಬೇತಿ, ಆಮೇಲೆ ಶಿಫ್ಟ್ ಪಟ್ಟಿಯಲ್ಲಿ ಹೆಸರು. ರೆಸಿಡೆನ್ಸಿಯ ನಿಜವಾದ ಬೆಲೆ ಇಲ್ಲಿದೆ.

4. ಹಣದ ಲೆಕ್ಕವನ್ನು ನಾಚಿಕೆಯಿಲ್ಲದೆ ಹಾಕಿ

ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶಗಳ ಪ್ರಕಾರ 2023ರಲ್ಲಿ ಫಾರ್ಮಸಿಸ್ಟರ ಮಧ್ಯಮ ವಾರ್ಷಿಕ ಸಂಬಳ 1,36,030 ಡಾಲರ್. ರೆಸಿಡೆಂಟಿಗೆ ಸಿಗುವ ಸ್ಟೈಪೆಂಡ್ ಸಾಮಾನ್ಯವಾಗಿ 50ರಿಂದ 60 ಸಾವಿರದ ಆಸುಪಾಸು. ಅಂದರೆ ತೆರಿಗೆಗೆ ಮುಂಚಿನ ಲೆಕ್ಕದಲ್ಲಿ ಒಂದು ವರ್ಷಕ್ಕೆ ಸುಮಾರು 80 ಸಾವಿರ ಡಾಲರ್ ಬಿಟ್ಟುಕೊಟ್ಟಂತೆ. ಎರಡು ವರ್ಷ ಮಾಡಿದರೆ ಅದರ ದುಪ್ಪಟ್ಟು. ಇಲ್ಲಿ ಓದಿದವರ ತಲೆಯ ಮೇಲೆ ಒಂದೂವರೆ ಲಕ್ಷ ಡಾಲರ್ ಶಿಕ್ಷಣ ಸಾಲ ಇರುವುದೇನೂ ಅಪರೂಪವಲ್ಲ. ಬಡ್ಡಿ ಓಡುತ್ತಲೇ ಇರುತ್ತದೆ.

"ಮುಂದೆ ಸಂಬಳ ಜಾಸ್ತಿ ಬರುತ್ತಲ್ಲ" ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ನಾನು ಕಂಡ ಮಟ್ಟಿಗೆ ಅದು ಹುಸಿ ಸಮಾಧಾನ. ಅನೇಕ ಆಸ್ಪತ್ರೆಗಳಲ್ಲಿ ಕೇಂದ್ರ ಫಾರ್ಮಸಿಯವರಿಗೂ ವಾರ್ಡಿನವರಿಗೂ ಗಂಟೆಯ ದರದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ರಾತ್ರಿ ಪಾಳಿಯವರಿಗೆ ಸಿಗುವ ಹೆಚ್ಚುವರಿ ಭತ್ಯೆ ಸೇರಿಸಿದರೆ ರೆಸಿಡೆನ್ಸಿ ಮಾಡದವರೇ ಜಾಸ್ತಿ ಮನೆಗೆ ಒಯ್ಯುವುದುಂಟು. ಬಿಟ್ಟ ಹಣಕ್ಕೆ ಪ್ರತಿಯಾಗಿ ಸಿಗುವುದು ಇಷ್ಟವಾದ ಕೆಲಸ, ಹಗಲಿನ ವೇಳೆ, ಊರು ಬದಲಿಸಿದರೂ ಕೆಲಸ ಸಿಗುತ್ತದೆ ಎಂಬ ಧೈರ್ಯ. ಇವಕ್ಕೆ 80 ಸಾವಿರ ಕೊಡಬಹುದೇ ಎಂದು ಕೇಳಿಕೊಳ್ಳಿ. ನನ್ನ ಉತ್ತರ ಹೌದು. ಊರಲ್ಲಿ ಅಪ್ಪನ ಸಾಲ ತೀರಿಸಬೇಕಾದವನ ಉತ್ತರ ಇಲ್ಲ ಎಂದಾದರೆ ಅದೂ ಸರಿಯೇ.

ಸಾಲ ಇದ್ದವರು ತಿಳಿದಿರಬೇಕಾದ ಒಂದು ಮಾತು. ಲಾಭದ ಉದ್ದೇಶವಿಲ್ಲದ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ಣಾವಧಿ ದುಡಿಯುತ್ತ, ಆದಾಯಕ್ಕೆ ತಕ್ಕ ಕಂತಿನ ಯೋಜನೆಯಲ್ಲಿ 120 ಕಂತು ಕಟ್ಟಿದವರ ಉಳಿದ ಫೆಡರಲ್ ಸಾಲವನ್ನು ಸಾರ್ವಜನಿಕ ಸೇವಾ ಸಾಲಮನ್ನಾ ಯೋಜನೆಯಡಿ ಬಿಡಲಾಗುತ್ತದೆ. ರೆಸಿಡೆನ್ಸಿಯ ಹನ್ನೆರಡು ತಿಂಗಳೂ ಆ ಲೆಕ್ಕಕ್ಕೆ ಬರುತ್ತವೆ, ಆ ವರ್ಷದ ಕಂತೂ ಚಿಕ್ಕದು. ಸುಮ್ಮನೆ ಕಂತು ಮುಂದೂಡಿಸಿಕೊಂಡು ಕೂತರೆ ಈ ಲಾಭ ಕೈತಪ್ಪುತ್ತದೆ.

5. ದಣಿವಿನ ಲೆಕ್ಕವೂ ಇದೆ, ಅದರಲ್ಲಿ ಮನೆಯವರ ಪಾಲೂ ಇದೆ

ಎಎಸ್‌ಎಚ್‌ಪಿ ನಿಯಮದಂತೆ ನಾಲ್ಕು ವಾರದ ಸರಾಸರಿಯಲ್ಲಿ ವಾರಕ್ಕೆ 80 ಗಂಟೆ ಮೀರುವಂತಿಲ್ಲ, ಏಳು ದಿನಕ್ಕೊಂದು ದಿನದ ಲೆಕ್ಕದಲ್ಲಿ ಬಿಡುವು ಕೊಡಬೇಕು. 80 ಮುಟ್ಟುವ ವಾರ ಕಡಿಮೆ. 60 ಮುಟ್ಟುವ ವಾರ ಸಾಮಾನ್ಯ. ಹಗಲು ರೌಂಡ್ಸ್, ಎರಡು ಮೂರು ವಾರಕ್ಕೊಮ್ಮೆ ವಾರಾಂತ್ಯದ ಪಾಳಿ, ಸಂಜೆ ಮರುದಿನದ ರೋಗಿಗಳ ಓದು. ಅದರ ಮೇಲೆ ವರ್ಷವಿಡೀ ನಡೆಯುವ ಒಂದು ಸಂಶೋಧನಾ ಯೋಜನೆ, ಔಷಧಿ ಸಮಿತಿಗೆ ಬರೆಯಬೇಕಾದ ವರದಿ, ವಿದ್ಯಾರ್ಥಿಗಳಿಗೆ ಪಾಠ.

ಮೊದಲ ತಿಂಗಳುಗಳಲ್ಲೇ ಲೈಸೆನ್ಸ್ ಪರೀಕ್ಷೆಯೂ ಆಗಬೇಕು. ಕನಿಷ್ಠ ಮೂರನೇ ಎರಡು ಭಾಗ ರೆಸಿಡೆನ್ಸಿಯನ್ನು ಲೈಸೆನ್ಸ್ ಪಡೆದ ಫಾರ್ಮಸಿಸ್ಟ್ ಆಗಿಯೇ ಮುಗಿಸಬೇಕೆಂಬ ನಿಯಮವಿದೆ. ಮೇ, ಜೂನ್‌ನಲ್ಲಿ ಊರಿಗೆ ಹೋಗಿ ಮದುವೆ ಮುಗಿಸಿ ಬಂದು ಓದುತ್ತೇನೆ ಎಂದವರು ಆಗಸ್ಟಿನಲ್ಲಿ ಕಂಗಾಲಾಗಿದ್ದನ್ನು ನೋಡಿದ್ದೇನೆ. ಚಿಕ್ಕ ಮಗು ಇರುವವರೂ ರೆಸಿಡೆನ್ಸಿ ಮುಗಿಸಿದ್ದಾರೆ, ಆದರೆ ಅವರೆಲ್ಲರ ಮನೆಯಲ್ಲೂ ಆ ವರ್ಷ ಅಡಿಗೆ, ಮಗುವಿನ ಶಾಲೆಗಳ ಹೊಣೆ ಹೊತ್ತ ಇನ್ನೊಂದು ಜೀವ ಇತ್ತು. ಅರ್ಜಿ ಹಾಕುವ ಮುಂಚೆ ಆ ಜೀವದ ಜೊತೆ ಕೂತು ಮಾತಾಡಿ.

6. ಮ್ಯಾಚ್ ಅಂದರೆ ಮೊದಲೇ ಹಾಕಿದ ಸಹಿ

ರೆಸಿಡೆನ್ಸಿಗೆ ಸೀಟು ಸಿಗುವುದು ಮ್ಯಾಚ್ ಎಂಬ ವ್ಯವಸ್ಥೆಯಲ್ಲಿ. ಡಿಸೆಂಬರಿನ ದೊಡ್ಡ ಸಮ್ಮೇಳನದಲ್ಲಿ ಮುಖಪರಿಚಯ, ಹೊಸವರ್ಷದ ಹೊತ್ತಿಗೆ ಅರ್ಜಿ, ಜನವರಿ ಫೆಬ್ರವರಿಯಲ್ಲಿ ಸಂದರ್ಶನ. ಆಮೇಲೆ ನೀವು ಆಸ್ಪತ್ರೆಗಳನ್ನು, ಆಸ್ಪತ್ರೆಗಳು ನಿಮ್ಮನ್ನು ಕ್ರಮವಾಗಿ ಪಟ್ಟಿ ಮಾಡಬೇಕು. ಕಂಪ್ಯೂಟರ್ ಎರಡೂ ಪಟ್ಟಿಗಳನ್ನು ಹೊಂದಿಸಿ ಮಾರ್ಚ್ ಮಧ್ಯದಲ್ಲಿ ಫಲಿತಾಂಶ ಹೇಳುತ್ತದೆ. ಸಿಗದವರಿಗೆ ಏಪ್ರಿಲ್‌ನಲ್ಲಿ ಎರಡನೆಯ ಸುತ್ತು. ಇಂಥ ಜೋಡಣೆಯ ಸಿದ್ಧಾಂತ ಮತ್ತು ಬಳಕೆಗಾಗಿಯೇ ಆಲ್ವಿನ್ ರಾತ್ ಮತ್ತು ಲಾಯ್ಡ್ ಶಾಪ್ಲಿ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಬಂತು.

ಇದರಿಂದ ಎರಡು ಬುದ್ಧಿಮಾತು. ಒಂದು, ಪಟ್ಟಿಯನ್ನು ನಿಮ್ಮ ನಿಜವಾದ ಇಷ್ಟದ ಕ್ರಮದಲ್ಲೇ ಬರೆಯಿರಿ. "ಅವರು ನನ್ನನ್ನು ತಗೋತಾರೋ ಇಲ್ಲವೋ" ಎಂದು ಊಹಿಸಿ ಮೇಲೆ ಕೆಳಗೆ ಮಾಡಿದರೆ ನಷ್ಟ ನಿಮಗೇ. ಎರಡು, ಹೋಗಲು ಮನಸ್ಸಿಲ್ಲದ ಊರನ್ನು ಪಟ್ಟಿಯ ತುದಿಯಲ್ಲೂ ಸೇರಿಸಬೇಡಿ. ಫಲಿತಾಂಶ ಬಂದ ಮೇಲೆ "ಒಲ್ಲೆ" ಅನ್ನುವ ಹಾಗಿಲ್ಲ.

ಸುಮಾರು ಹತ್ತು ವರ್ಷದ ಹಿಂದೆ ಪಿಜಿವೈ1ಗೆ ಪ್ರಯತ್ನಿಸಿದವರಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗಕ್ಕೆ ಸೀಟು ಸಿಗುತ್ತಿರಲಿಲ್ಲ. ಈಚೆಗೆ ಫಾರ್ಮಸಿ ಕಾಲೇಜುಗಳಿಗೆ ಸೇರುವವರು ಕಡಿಮೆಯಾಗಿ, ಸೀಟುಗಳು ಹೆಚ್ಚಿ, ಪೈಪೋಟಿ ಸಡಿಲವಾಗಿದೆ. ಸೀಟು ಸುಲಭವಾಯಿತು ಎಂಬ ಒಂದೇ ಕಾರಣಕ್ಕೆ ರೆಸಿಡೆನ್ಸಿಗೆ ಬರುವವರೂ ಹೆಚ್ಚಿದ್ದಾರೆ. ಚಳಿಗಾಲ ಬರುವಷ್ಟರಲ್ಲಿ ಅವರು ಯಾರೆಂದು ಪ್ರಿಸೆಪ್ಟರ್‌ಗಳಿಗೆ ಗೊತ್ತಾಗಿಬಿಡುತ್ತದೆ.

7. ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ

ಹೆಸರುವಾಸಿ ಆಸ್ಪತ್ರೆ ಎಂದೊಡನೆ ತರಬೇತಿ ಚೆನ್ನಾಗಿರುತ್ತದೆ ಎಂದೇನಿಲ್ಲ. ಮಧ್ಯಾಹ್ನದ ಊಟಕ್ಕೆ ಈಗಿನ ರೆಸಿಡೆಂಟರ ಜೊತೆ ಕೂರಿಸುತ್ತಾರಲ್ಲ, ಆಗ ಕೇಳಿ. ಕಳೆದ ಮೂರು ವರ್ಷದವರು ಈಗ ಎಲ್ಲಿದ್ದಾರೆ? ಎಷ್ಟು ಜನ ಪ್ರಿಸೆಪ್ಟರ್‌ಗಳು ಈ ವರ್ಷ ಕೆಲಸ ಬಿಟ್ಟರು? ವಾರಾಂತ್ಯದ ಪಾಳಿಯಲ್ಲಿ ಸಂಶಯ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ, ಅವರು ಎತ್ತುತ್ತಾರಾ? ಫಾರ್ಮಸಿಸ್ಟ್ ಡೋಸ್ ಬದಲಿಸಲು ಪ್ರತಿ ಸಲ ವೈದ್ಯರ ಒಪ್ಪಿಗೆ ಬೇಕಾ, ಆಸ್ಪತ್ರೆಯ ನಿಯಮಾವಳಿಯಡಿ ತಾನೇ ಮಾಡಬಹುದಾ?

ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಬಹಳ ಹೇಳುತ್ತದೆ. ವ್ಯಾಂಕೊಮೈಸಿನ್, ಹೆಪಾರಿನ್, ವಾರ್ಫರಿನ್‌ಗಳ ಡೋಸಿಂಗ್ ಪೂರ್ತಿ ಫಾರ್ಮಸಿಗೆ ಒಪ್ಪಿಸಿರುವ ಆಸ್ಪತ್ರೆಯಲ್ಲಿ ನೀವು ದಿನವೂ ನಿರ್ಧಾರ ಮಾಡುತ್ತೀರಿ, ಮರುದಿನದ ರಕ್ತಪರೀಕ್ಷೆಯಲ್ಲಿ ಅದರ ಫಲ ನೋಡುತ್ತೀರಿ. ಬರೀ ಸಲಹೆಯ ಚೀಟಿ ಬರೆದಿಟ್ಟು ಬರುವ ಆಸ್ಪತ್ರೆಯಲ್ಲಿ ಒಂದು ವರ್ಷ ಕಳೆದರೂ ಹೊಣೆ ಹೊರುವುದು ಬರುವುದಿಲ್ಲ. ರೆಸಿಡೆಂಟರು ಆಡಳಿತದವರ ಕಡೆ ಕಣ್ಣು ಹಾಯಿಸಿ ಉತ್ತರ ಕೊಡುತ್ತಿದ್ದರೆ ಆ ಹೆಸರನ್ನು ಪಟ್ಟಿಯಲ್ಲಿ ಕೆಳಗಿಳಿಸಿ.

8. ರೆಸಿಡೆನ್ಸಿ ಇಲ್ಲದ ದಾರಿ ನಿಧಾನ, ಆದರೆ ಊರು ಮುಟ್ಟಿಸುತ್ತದೆ

ನಮ್ಮ ಆಸ್ಪತ್ರೆಯ ಅತ್ಯಂತ ನಂಬಿಕೆಯ ಫಾರ್ಮಸಿಸ್ಟರಲ್ಲಿ ಇಬ್ಬರು ರೆಸಿಡೆನ್ಸಿ ಮಾಡಿದವರಲ್ಲ. ಒಬ್ಬರು ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದರು. ಏಳು ರಾತ್ರಿ ಕೆಲಸ, ಏಳು ರಾತ್ರಿ ರಜೆ. ರಾತ್ರಿ ಫಾರ್ಮಸಿಸ್ಟಿಗೆ ವಿಶೇಷ ತಜ್ಞರ ಆಸರೆ ಇರುವುದಿಲ್ಲ. ಹೃದಯ ನಿಂತ ರೋಗಿಯ ಹತ್ತಿರ ಓಡುವುದು, ಮಕ್ಕಳ ವಾರ್ಡಿನ ಡೋಸ್ ನೋಡುವುದು, ಐವಿ ಕೋಣೆ ಸಂಭಾಳಿಸುವುದು ಎಲ್ಲ ಅವರೇ. ಹಗಲಿನ ತಂಡದಲ್ಲಿ ಜಾಗ ಖಾಲಿಯಾದಾಗ ಅವರನ್ನು ಬಿಟ್ಟು ಹೊರಗಿನವರನ್ನು ತೆಗೆದುಕೊಳ್ಳುವ ಮಾತೇ ಬರಲಿಲ್ಲ. ಇನ್ನೊಬ್ಬರು ಹಳ್ಳಿಗಾಡಿನ ಪುಟ್ಟ ಆಸ್ಪತ್ರೆಯಿಂದ ಬಂದವರು. 25 ಹಾಸಿಗೆ ಮೀರದ ಅಂಥ ಆಸ್ಪತ್ರೆಗಳಿಗೆ ಫಾರ್ಮಸಿಸ್ಟ್ ಸಿಕ್ಕರೆ ಸಾಕು, ರೆಸಿಡೆನ್ಸಿ ಯಾರೂ ಕೇಳುವುದಿಲ್ಲ. ಖರೀದಿಯಿಂದ ಹಿಡಿದು ಸೋಂಕು ಸಮಿತಿಯವರೆಗೆ ಎಲ್ಲದರಲ್ಲೂ ಒಬ್ಬರೇ ಪಳಗುತ್ತಾರೆ.

ಇಂಥವರಿಗೆ ಬೋರ್ಡ್ ಪರೀಕ್ಷೆಯ ದಾರಿಯೂ ಇದೆ. 1976ರಲ್ಲಿ ಆರಂಭವಾದ ಫಾರ್ಮಸಿ ತಜ್ಞತೆಯ ಮಂಡಳಿ ನಡೆಸುವ ಬಿಸಿಪಿಎಸ್ ಪರೀಕ್ಷೆಗೆ ಪಿಜಿವೈ1 ಮುಗಿಸಿದವರಂತೆ, ಆ ಕ್ಷೇತ್ರದಲ್ಲಿ ಮೂರು ವರ್ಷ ದುಡಿದವರೂ ಕೂರಬಹುದು. "ಅಥವಾ" ಅಂದೆನಲ್ಲ, ಅದು ಇದೇ.

ಷರತ್ತು ಒಂದೇ. ಆಸ್ಪತ್ರೆಯೊಳಗೆ ಇರಬೇಕು. ಔಷಧಿ ಅಂಗಡಿಗಳ ಸರಪಳಿಯಲ್ಲಿ ಐದಾರು ವರ್ಷ ಕಳೆದು ಆಮೇಲೆ ಆಸ್ಪತ್ರೆಗೆ ಬರುತ್ತೇನೆ ಎಂದವರಿಗೆ ಬಾಗಿಲು ಬಹಳ ಬಿಗಿ. ಸಿಕ್ಕಿದ್ದು ಅರೆಕಾಲಿಕ ಕೆಲಸವಾದರೂ, ರಾತ್ರಿ ಪಾಳಿಯಾದರೂ, ದೂರದ ಊರಾದರೂ, ಮೊದಲ ಹೆಜ್ಜೆ ಆಸ್ಪತ್ರೆಯ ಒಳಗೇ ಇಡಿ. ಇನ್ನು ಪಿಜಿವೈ2 ಬಗ್ಗೆ ಹೇಳಬೇಕಾದ್ದು ಕಮ್ಮಿ. ಕ್ಯಾನ್ಸರ್, ಅಂಗಾಂಗ ಕಸಿ, ಐಸಿಯು, ಸೋಂಕುರೋಗ, ಮಕ್ಕಳ ವಿಭಾಗ ಎಂದು ದೊಡ್ಡ ಆಸ್ಪತ್ರೆಗಳಲ್ಲಿ ತಜ್ಞ ಹುದ್ದೆ ಬೇಕಾದವರು ಮಾಡಲಿ. ಮೊದಲ ವರ್ಷದಲ್ಲಿ ಯಾವುದೂ ಮನಸ್ಸಿಗೆ ಹಿಡಿಯದವರು ಸುಮ್ಮನೆ ಮುಂದುವರಿಯುವುದು ಬೇಡ.

9. ಕರ್ನಾಟಕದ ಆರನೆಯ ವರ್ಷಕ್ಕೆ ಬೆಲೆಯಿದೆ, ಆದರೆ ಅದು ಪಿಜಿವೈ1 ಅಲ್ಲ

ಭಾರತೀಯ ಫಾರ್ಮಸಿ ಪರಿಷತ್ತು 2008ರಲ್ಲಿ ಫಾರ್ಮ್‌ಡಿ ತಂದಿತು. ಆರು ವರ್ಷದ ಓದು. ಆರನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ: ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಆರು ತಿಂಗಳು ಮೂರು ಬೇರೆ ವಿಭಾಗಗಳಲ್ಲಿ ಎರಡೆರಡು ತಿಂಗಳು. ಈ ವರ್ಷವನ್ನು ಅಲ್ಲಿ ರೆಸಿಡೆನ್ಸಿ ಎಂದೂ ಕರೆಯುವುದರಿಂದ "ನಂದು ಆಗಿದೆಯಲ್ಲ" ಎಂದು ಕೆಲವರು ವಾದಿಸುತ್ತಾರೆ.

ಅಲ್ಲಿನ ವಾರ್ಡ್ ಕಲಿಸುವ ಕೆಲವು ವಿಷಯ ಇಲ್ಲಿ ಸಿಗುವುದಿಲ್ಲ. ಡೆಂಗಿ, ಕ್ಷಯ, ಹಾವು ಕಡಿತ, ಕೀಟನಾಶಕ ಕುಡಿದವರ ಚಿಕಿತ್ಸೆ, ಒಂದೇ ಬೆಳಗ್ಗೆ ನೋಡುವ ರೋಗಿಗಳ ಸಂಖ್ಯೆ, ದುಡ್ಡಿಲ್ಲದ ರೋಗಿಗೆ ಅಗ್ಗದ ಪರ್ಯಾಯ ಹುಡುಕುವ ಜಾಣ್ಮೆ. ಅಲ್ಲಿಂದ ಬಂದ ರೆಸಿಡೆಂಟರು ರೋಗಿಯ ಜೊತೆ ಮಾತಾಡುವುದರಲ್ಲಿ ಇಲ್ಲಿನವರಿಗಿಂತ ಮುಂದಿರುತ್ತಾರೆ. ಕೊರತೆಯಿರುವುದು ಹೊಣೆಯ ವಿಷಯದಲ್ಲಿ. ಅಲ್ಲಿ ಇಂಟರ್ನ್ ಸಲಹೆ ಕೊಡುತ್ತಾರೆ, ಅಡ್ಡಪರಿಣಾಮದ ವರದಿ ಬರೆಯುತ್ತಾರೆ. ಔಷಧಿ ರೋಗಿಗೆ ಹೋಗುವುದು ಅವರ ಸಹಿಗಾಗಿ ಕಾಯುವುದಿಲ್ಲ. ಇಲ್ಲಿ ಕಾಯುತ್ತದೆ.

ದಾರಿ ಹೀಗಿದೆ. ಅಮೆರಿಕದಲ್ಲೇ ಮಾನ್ಯತೆ ಪಡೆದ ಕಾಲೇಜಿನಲ್ಲಿ ಫಾರ್ಮ್‌ಡಿ ಓದಿದವರು ನೇರವಾಗಿ ಮ್ಯಾಚ್‌ಗೆ ಬರಬಹುದು. ಹೊರದೇಶದ ಪದವೀಧರರಿಗೆ ಮೊದಲು ಎಫ್‌ಪಿಜಿಇಸಿ ಪ್ರಮಾಣಪತ್ರ ಬೇಕು. ಅಂದರೆ ದಾಖಲೆ ಪರಿಶೀಲನೆ, ಎಫ್‌ಪಿಜಿಇಇ ಪರೀಕ್ಷೆ, ಟೋಫೆಲ್. 2003ರ ಜನವರಿ 1ರ ನಂತರ ಪದವಿ ಪಡೆದವರ ಕೋರ್ಸ್ ಕನಿಷ್ಠ ಐದು ವರ್ಷದ್ದಾಗಿರಬೇಕು ಎಂಬ ನಿಯಮವಿರುವುದರಿಂದ ನಾಲ್ಕು ವರ್ಷದ ಬಿ.ಫಾರ್ಮ್ ಒಂದೇ ಇದ್ದರೆ ಬಾಗಿಲು ಮುಚ್ಚಿದ ಹಾಗೆ. ಆರು ವರ್ಷದ ಫಾರ್ಮ್‌ಡಿಯವರಿಗೆ ತೆರೆದಿದೆ. ಏಜೆಂಟರು ಇದನ್ನು ಮುಚ್ಚಿಟ್ಟು ಬಿ.ಫಾರ್ಮ್ ಹುಡುಗರಿಂದ ದುಡ್ಡು ಕೀಳುವುದುಂಟು, ಎಚ್ಚರ. ಆಮೇಲೆ ಆಯಾ ರಾಜ್ಯದ ಇಂಟರ್ನ್ ಗಂಟೆಗಳು, ಅನೇಕ ಕಡೆ 1,500, ನಂತರ ಲೈಸೆನ್ಸ್ ಪರೀಕ್ಷೆಗಳು.

ವೀಸಾ ಇನ್ನೊಂದು ಗಂಟು. ರೆಸಿಡೆಂಟಿಗೆ ವೀಸಾ ಪ್ರಾಯೋಜನೆ ಮಾಡದ ಆಸ್ಪತ್ರೆಗಳು ಬಹಳ. ಅರ್ಜಿಗೆ ಹಣ ಕಟ್ಟುವ ಮುಂಚೆಯೇ ಇ-ಮೇಲ್ ಬರೆದು ಕೇಳಿ. ಇಲ್ಲೇ ಫಾರ್ಮ್‌ಡಿ ಓದಿ ಎಫ್-1 ವೀಸಾದಲ್ಲಿ ಇರುವವರಿಗೆ ಪದವಿಯ ನಂತರದ ಹನ್ನೆರಡು ತಿಂಗಳ ಕೆಲಸದ ಅನುಮತಿಯೊಳಗೆ ಪಿಜಿವೈ1 ಸರಿಯಾಗಿ ಕೂರುತ್ತದೆ. ಅದಾದ ಮೇಲೆ ಯಾರು ಪ್ರಾಯೋಜಿಸುತ್ತಾರೆ ಎಂಬುದನ್ನು ಜೂನ್ ತನಕ ಕಾಯದೆ ಅಕ್ಟೋಬರಿನಲ್ಲೇ ಹುಡುಕಲು ಶುರುಮಾಡಿ. ವಿಶ್ವವಿದ್ಯಾಲಯಗಳಿಗೆ ಸೇರಿದ ಲಾಭೇತರ ಆಸ್ಪತ್ರೆಗಳಿಗೆ ಎಚ್-1ಬಿ ವಾರ್ಷಿಕ ಮಿತಿ ಅನ್ವಯಿಸುವುದಿಲ್ಲ. ಮೊದಲು ಅವುಗಳ ಕಡೆ ನೋಡಿ.

ಕೊನೆಗೆ ನನ್ನ ತೀರ್ಪು. ವಾರ್ಡಿನಲ್ಲಿ, ಐಸಿಯುನಲ್ಲಿ, ಕ್ಲಿನಿಕ್ಕಿನಲ್ಲಿ ರೋಗಿಯ ಪಕ್ಕ ನಿಂತು ಕೆಲಸ ಮಾಡಬೇಕು, ಅದೂ ದೊಡ್ಡ ಊರಿನಲ್ಲಿ ಅನ್ನುವವರು ಪದವಿ ಮುಗಿದ ವರ್ಷವೇ ರೆಸಿಡೆನ್ಸಿ ಮಾಡಿ. ಒಮ್ಮೆ ಪೂರ್ಣ ಸಂಬಳದ ರುಚಿ ಹತ್ತಿದ ಮೇಲೆ ಸ್ಟೈಪೆಂಡ್‌ಗೆ ಇಳಿಯುವುದು ಬಹಳ ಕಷ್ಟ. ಕೇಂದ್ರ ಫಾರ್ಮಸಿ, ರಾತ್ರಿ ಪಾಳಿ, ಸಣ್ಣ ಊರಿನ ಆಸ್ಪತ್ರೆ ಸಾಕು ಅನ್ನುವವರು, ಸಾಲದ ಹೊರೆ ಇರುವವರು, ಮನೆ ನೋಡಿಕೊಳ್ಳಬೇಕಾದವರು ಬಿಡಿ. ಯಾವ ಕೀಳರಿಮೆಯೂ ಬೇಡ. ಬೇರೆಯವರು ಮಾಡುತ್ತಿದ್ದಾರೆ, ಅಪ್ಪ ಅಮ್ಮನಿಗೆ ಹೇಳಿಕೊಳ್ಳಲು ಚೆನ್ನಾಗಿರುತ್ತದೆ, ಇನ್ನೇನು ಮಾಡಬೇಕೋ ತಿಳಿಯುತ್ತಿಲ್ಲ ಎಂಬ ಮೂರು ಕಾರಣಗಳಿಗೆ ಮಾತ್ರ ದಯವಿಟ್ಟು ಬರಬೇಡಿ. ಪ್ರತಿ ಸೀಟಿನ ಹಿಂದೆ ವರ್ಷವಿಡೀ ತಮ್ಮ ಕೆಲಸದ ಜೊತೆಗೇ ನಿಮಗೆ ಕಲಿಸುವ ಹತ್ತಾರು ಜನರಿದ್ದಾರೆ, ಅದೇ ಸೀಟಿಗಾಗಿ ನಿಜವಾಗಿ ಕಾಯುತ್ತಿರುವ ಇನ್ನೊಬ್ಬರೂ ಇದ್ದಾರೆ.